ವಿಸಿಟಿಂಗ್ ಕಾರ್ಡ್: ಯಾವ ಮುದ್ರಣ, ಯಾವ ಮುದ್ರಕರು, ಬಣ್ಣವನ್ನು ಹೇಗೆ ಬರೆದುಕೊಡಬೇಕು

ವಿಸಿಟಿಂಗ್ ಕಾರ್ಡಿನ ಬಣ್ಣದ ಬಗ್ಗೆ ಏಳುವ ತಕರಾರುಗಳಲ್ಲಿ ಹೆಚ್ಚಿನವು ಮುದ್ರಣಯಂತ್ರ ಓಡುವ ಮೊದಲೇ ಹುಟ್ಟಿರುತ್ತವೆ. ಗ್ರಾಹಕರು ಲೋಗೋದ ಚಿತ್ರವೊಂದನ್ನು ಕಳುಹಿಸಿ "ಇದೇ ನೀಲಿ ಬರಬೇಕು" ಎನ್ನುತ್ತಾರೆ. ಮುದ್ರಕರು "ಆಗಲಿ" ಎನ್ನುತ್ತಾರೆ. ಗ್ರಾಹಕರು ನೋಡಿದ್ದು ತಮ್ಮ ಮೊಬೈಲಿನ ನೀಲಿ, ಮುದ್ರಕರು ನೋಡಿದ್ದು ತಮ್ಮ ಕಂಪ್ಯೂಟರಿನ ನೀಲಿ. ಕಾರ್ಡುಗಳ ಕಟ್ಟು ಕೈಗೆ ಬಂದಾಗ ಬಣ್ಣ ನೇರಳೆಯತ್ತ ವಾಲಿರುತ್ತದೆ. ತಪ್ಪು ಯಾರದೆಂದು ತೀರ್ಮಾನಿಸಲು ಒಂದು ಸಾಲಿನ ಬರಹವೂ ಇರುವುದಿಲ್ಲ.

ಮುದ್ರಿತ ಬಣ್ಣದಲ್ಲಿ ಮೂರು ಸಂಗತಿಗಳು ಸೇರಿರುತ್ತವೆ: ಶಾಯಿ, ಅದು ಕೂರುವ ಕಾಗದ, ಅದನ್ನು ನೋಡುವ ಬೆಳಕು. ಇವುಗಳಲ್ಲಿ ಯಾವುದೊಂದನ್ನು ಹೇಳದೆ ಬಿಟ್ಟರೂ ಆ ಜಾಗವನ್ನು ಮುದ್ರಕರು ತಮ್ಮ ಊಹೆಯಿಂದ ತುಂಬಬೇಕಾಗುತ್ತದೆ. ಆದ್ದರಿಂದ ಆಯ್ಕೆಯ ಕ್ರಮ ಹೀಗಿರಲಿ ಎನ್ನುವುದು ನನ್ನ ಸಲಹೆ: ಮೊದಲು ಕಾಗದ, ಆಮೇಲೆ ಬಣ್ಣ ಕಟ್ಟುವ ಬಗೆ, ಆಮೇಲೆ ಮುದ್ರಣ ವಿಧಾನ, ಅದಾದ ಮೇಲೆ ಮುದ್ರಕರು. ದರದ ಮಾತು ಕೊನೆಗೆ. ಸಾಮಾನ್ಯವಾಗಿ ಜನ ಇದನ್ನು ತಲೆಕೆಳಗು ಮಾಡುತ್ತಾರೆ. ದರ ನೋಡಿ ಮುದ್ರಕರನ್ನು ಹಿಡಿಯುತ್ತಾರೆ, ಮುದ್ರಕರ ಬಳಿ ಇರುವ ಕಾಗದಕ್ಕೆ ಒಪ್ಪಿಕೊಳ್ಳುತ್ತಾರೆ, ಕಟ್ಟಕಡೆಗೆ ಬಣ್ಣದ ಬಗ್ಗೆ ಚಿಂತೆ ಶುರುವಾಗುತ್ತದೆ.

ಮೊದಲು ಕಾಗದ

ಆರ್ಟ್ ಕಾರ್ಡಿನಂಥ ಲೇಪನವಿರುವ ಕಾಗದದಲ್ಲಿ ಶಾಯಿ ಬಹುಮಟ್ಟಿಗೆ ಮೇಲ್ಮೈಯಲ್ಲೇ ನಿಲ್ಲುತ್ತದೆ. ಬಣ್ಣ ತುಂಬಿಕೊಂಡು ಕಾಣುತ್ತದೆ, ಅಂಚುಗಳು ಚೂಪಾಗಿರುತ್ತವೆ. ಲೇಪನವಿಲ್ಲದ ಕಾಗದ ಶಾಯಿಯನ್ನು ಹೀರಿಕೊಳ್ಳುತ್ತದೆ. ಚುಕ್ಕಿಗಳು ಹರಡಿ ದಪ್ಪವಾಗುತ್ತವೆ. ಮುದ್ರಣಾಲಯದಲ್ಲಿ ಇದಕ್ಕೆ ಡಾಟ್ ಗೇನ್ ಎನ್ನುತ್ತಾರೆ. ಇದರಿಂದ ತೆಳು ಛಾಯೆಗಳು ಎಣಿಸಿದ್ದಕ್ಕಿಂತ ಗಾಢವಾಗುತ್ತವೆ, ಗಾಢ ಬಣ್ಣಗಳು ಕಳೆಗುಂದುತ್ತವೆ. ಇಷ್ಟಾದ ಮೇಲೂ ಶಾಯಿ ಒಣಗುತ್ತಾ ಇನ್ನಷ್ಟು ಮಂಕಾಗುತ್ತದೆ. ಯಂತ್ರದಿಂದ ಹೊರಬಿದ್ದ ಹಸಿ ಹಾಳೆಯನ್ನು ನೋಡಿ ಒಪ್ಪಿಗೆ ಕೊಟ್ಟವರು ಮರುದಿನ ಬೇರೆಯೇ ಬಣ್ಣ ಕಂಡು ಬೆರಗಾಗುವುದು ಇದರಿಂದಲೇ.

ಮುಟ್ಟಿದಾಗ ಸಿಗುವ ಹಿತಕ್ಕೆ ನನ್ನ ಒಲವು ಲೇಪನವಿಲ್ಲದ ಕಾಗದದ ಕಡೆಗೆ. ಅದರ ಮೇಲೆ ಪೆನ್ನಿನಿಂದ ಒಂದು ಫೋನ್ ನಂಬರ್ ಬರೆದುಕೊಡಬಹುದು. ಆದರೆ ಉಜ್ವಲವಾದ ಕಿತ್ತಳೆಯೋ ಹಸಿರೋ ನಿಮ್ಮ ಸಂಸ್ಥೆಯ ಗುರುತಾಗಿದ್ದರೆ ಆ ಕಾಗದದಲ್ಲಿ ಆ ಉಜ್ವಲತೆ ಪೂರ್ತಿಯಾಗಿ ಸಿಗದು. ಹಿತ ಬೇಕೋ, ಹೊಳಪು ಬೇಕೋ ಎಂಬುದನ್ನು ಇಲ್ಲೇ ತೀರ್ಮಾನಿಸಿಕೊಳ್ಳಿ.

ಕಾಗದದ ಬಿಳುಪನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಸಾಮಾನ್ಯ ಫೋರ್ ಕಲರ್ ಮುದ್ರಣದಲ್ಲಿ ಬಿಳಿ ಶಾಯಿ ಇರುವುದಿಲ್ಲ. ವಿನ್ಯಾಸದಲ್ಲಿ ಬಿಳಿಯಾಗಿ ಕಾಣುವ ಭಾಗವೆಲ್ಲ ಬರಿಯ ಕಾಗದ. ಶಾಯಿಯೂ ಅರೆಪಾರದರ್ಶಕವಾದ್ದರಿಂದ ಕಾಗದದ ಬಣ್ಣ ಅದರೊಳಗಿಂದ ಇಣುಕುತ್ತದೆ. ಕೆನೆಬಣ್ಣದ ಕಾಗದದ ಮೇಲೆ ತಿಳಿನೀಲಿ ಮುದ್ರಿಸಿದರೆ ಅದು ಹಸಿರಿನತ್ತ ಸರಿಯುತ್ತದೆ. ಇನ್ನು ಅಚ್ಚಬಿಳಿ ಎಂದು ಮಾರುವ ಅನೇಕ ಕಾಗದಗಳಲ್ಲಿ ಬೆಳಗುಕಾರಕ ರಾಸಾಯನಿಕಗಳಿರುತ್ತವೆ. ಅವು ಬೆಳಕಿನಲ್ಲಿರುವ ಅತಿನೇರಳೆ ಕಿರಣಗಳನ್ನು ಹೀರಿ ನೀಲಿ ಬೆಳಕಾಗಿ ಹೊಮ್ಮಿಸುತ್ತವೆ. ಅದೇ ಶಾಯಿ ಇಂಥ ಕಾಗದದ ಮೇಲೆ ತುಸು ತಂಪಾಗಿ, ನೀಲಿ ಬೆರೆತಂತೆ ಕಾಣುತ್ತದೆ. ಆದ್ದರಿಂದ ಆರ್ಡರಿನಲ್ಲಿ "ಬಿಳಿ ಕಾಗದ" ಎಂದಷ್ಟೇ ಬರೆಯದೆ ಕಾಗದದ ತಯಾರಕರು, ಹೆಸರು, ಛಾಯೆ, ಜಿಎಸ್‌ಎಂ ನಾಲ್ಕನ್ನೂ ಬರೆಯಿರಿ. ಕಾರ್ಡಿಗೆ ಸಾಮಾನ್ಯವಾಗಿ 300ರಿಂದ 400 ಜಿಎಸ್‌ಎಂ ಬಳಸುತ್ತಾರೆ. ಜಿಎಸ್‌ಎಂ ಎಂದರೆ ಒಂದು ಚದರ ಮೀಟರ್ ಹಾಳೆಯ ತೂಕ ಮಾತ್ರ. ಅಷ್ಟೇ ತೂಕದ ಎರಡು ಕಾಗದಗಳ ದಪ್ಪ ಬೇರೆಯಾಗಿರಬಹುದು, ಹಾಗಾಗಿ ತುಂಡೊಂದನ್ನು ಬೆರಳಲ್ಲಿ ಹಿಡಿದು ನೋಡದೆ ಒಪ್ಪಬೇಡಿ.

ಲ್ಯಾಮಿನೇಷನ್ ಮಾಡಿಸುವುದಾದರೆ ಅದನ್ನೂ ಕಾಗದದ ಭಾಗವೆಂದೇ ತಿಳಿಯಿರಿ. ಹೊಳೆಯುವ (ಗ್ಲಾಸ್) ಪದರ ಬಣ್ಣವನ್ನು ಆಳಗೊಳಿಸುತ್ತದೆ. ಹೊಳಪಿಲ್ಲದ ಮ್ಯಾಟ್ ಪದರ ಬೆಳಕನ್ನು ಚೆದುರಿಸುವುದರಿಂದ ಕಪ್ಪು ಬೂದಿಯತ್ತ ಸರಿಯುತ್ತದೆ, ಗಾಢ ನೀಲಿ ತೆಳುವಾಗುತ್ತದೆ. ಮ್ಯಾಟ್ ಪದರದ ಗಾಢ ಬಣ್ಣದ ಮೇಲೆ ಬೆರಳಿನ ಗುರುತು, ಗೀರುಗಳೂ ಎದ್ದು ಕಾಣುತ್ತವೆ. ಪದರ ಹಾಕಿದ ಮಾದರಿಯನ್ನೇ ನೋಡಿ ಒಪ್ಪಿಗೆ ಕೊಡಿ.

ಫೋರ್ ಕಲರ್ ಅಥವಾ ಸ್ಪಾಟ್ ಕಲರ್

ಎಲ್ಲಕ್ಕಿಂತ ಹೆಚ್ಚು ಯೋಚಿಸಬೇಕಾದ ಆಯ್ಕೆ ಇದು.

ಪರದೆ ಕೆಂಪು, ಹಸಿರು, ನೀಲಿ (ಆರ್‌ಜಿಬಿ) ಬೆಳಕನ್ನು ಕೂಡಿಸಿ ಬಣ್ಣ ತೋರಿಸುತ್ತದೆ. ಮುದ್ರಣದಲ್ಲಿ ಶಾಯಿ ಕಾಗದದ ಬಿಳಿ ಬೆಳಕಿನಿಂದ ಒಂದಷ್ಟನ್ನು ನುಂಗಿ ಉಳಿದುದನ್ನು ನಮ್ಮತ್ತ ಕಳುಹಿಸುತ್ತದೆ. ಫೋರ್ ಕಲರ್ ಎಂದರೆ ಸಯಾನ್, ಮಜೆಂಟಾ, ಹಳದಿ, ಕಪ್ಪು (ಸಿಎಂವೈಕೆ) ಈ ನಾಲ್ಕು ಶಾಯಿಗಳ ಸಣ್ಣ ಚುಕ್ಕಿಗಳಿಂದ ಎಲ್ಲ ಬಣ್ಣಗಳನ್ನೂ ಕಟ್ಟುವುದು. ಪರದೆ ತೋರಿಸುವ ಎಷ್ಟೋ ಬಣ್ಣಗಳು ಈ ನಾಲ್ಕರ ಕೈಗೆ ಎಟುಕುವುದಿಲ್ಲ. ಪರದೆಯ ಶುದ್ಧ ನೀಲಿ, ಅಂದರೆ ಆರ್‌ಜಿಬಿ 0, 0, 255, ಸಿಎಂವೈಕೆಗೆ ಇಳಿದಾಗ ಸಯಾನ್ ಜೊತೆಗೆ ಬಹಳಷ್ಟು ಮಜೆಂಟಾ ಸೇರಿ ನೇರಳೆ ಛಾಯೆಯ ಮಂಕು ನೀಲಿಯಾಗುತ್ತದೆ. ಕಡು ಕಿತ್ತಳೆ, ಎಳೆಯ ಹಸಿರು, ಮಿನುಗುವ ಗುಲಾಬಿಯ ಗತಿಯೂ ಇದೇ. ವೆಬ್‌ಸೈಟಿನ ಹೆಕ್ಸ್ ಸಂಕೇತವನ್ನು (ಪರದೆಯ ಬಣ್ಣದ ಗುರುತನ್ನು) ಮುದ್ರಕರಿಗೆ ಕೊಟ್ಟು ಕೈತೊಳೆದುಕೊಳ್ಳಬಾರದು ಎನ್ನುವುದು ಈ ಕಾರಣಕ್ಕೆ. ಒಂದೇ ಹೆಕ್ಸ್ ಸಂಕೇತ, ಯಂತ್ರ ಮತ್ತು ಕಾಗದಕ್ಕೆ ತಕ್ಕಂತೆ ಬಣ್ಣ ಪರಿವರ್ತಿಸುವ ಬೇರೆ ಬೇರೆ ಪ್ರೊಫೈಲ್‌ಗಳಲ್ಲಿ ಬೇರೆ ಬೇರೆ ಸಿಎಂವೈಕೆ ಅಂಕಿಗಳಾಗಿ ಬದಲಾಗುತ್ತದೆ.

ಸ್ಪಾಟ್ ಕಲರ್‌ನಲ್ಲಿ ಬೇಕಾದ ಬಣ್ಣದ ಶಾಯಿಯನ್ನೇ ಸೂತ್ರದಂತೆ ತೂಗಿ, ಬೆರೆಸಿ ಯಂತ್ರಕ್ಕೆ ಹಾಕುತ್ತಾರೆ. ಈ ಬಗೆಯ ವ್ಯವಸ್ಥೆಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು 1963ರಲ್ಲಿ ಲಾರೆನ್ಸ್ ಹರ್ಬರ್ಟ್ ರೂಪಿಸಿದ ಪ್ಯಾಂಟೋನ್ ಪದ್ಧತಿ. ಜರ್ಮನಿಯಲ್ಲಿ ಎಚ್‌ಕೆಎಸ್, ಜಪಾನಿನಲ್ಲಿ ಡಿಐಸಿ ಎಂಬ ಪದ್ಧತಿಗಳೂ ಇವೆ. ನಿಮ್ಮ ಮುದ್ರಕರ ಬಳಿ ಯಾವ ಶೇಡ್ ಕಾರ್ಡ್ (ಬಣ್ಣಗಳ ಮಾದರಿ ಪುಸ್ತಕ) ಇದೆಯೋ ಅದರಲ್ಲೇ ಮಾತಾಡಿಕೊಳ್ಳುವುದು ಒಳ್ಳೆಯದು.

ಎರಡರ ಅಂತರವನ್ನು ಕಣ್ಣಾರೆ ನೋಡಲು ಹತ್ತು ಪಟ್ಟು ಹಿಗ್ಗಿಸುವ ಮಸೂರವೊಂದು ಸಾಕು. ಫೋರ್ ಕಲರ್‌ನಲ್ಲಿ ಮುದ್ರಿಸಿದ ಕಂದುಬಣ್ಣದ ಸಣ್ಣ ಅಕ್ಷರವೊಂದನ್ನು ಅದರ ಕೆಳಗಿಡಿ. ಅಕ್ಷರದ ಅಂಚು ಗೆರೆಯಾಗಿ ಇರುವುದಿಲ್ಲ. ಮಜೆಂಟಾ, ಹಳದಿ, ಕಪ್ಪು ಚುಕ್ಕಿಗಳು ಹಲ್ಲುಹಲ್ಲಾಗಿ ನಿಂತಿರುತ್ತವೆ. ಪ್ರತಿ ಶಾಯಿಗೂ ಇರುವ ಅಚ್ಚಿನ ಪ್ಲೇಟುಗಳಲ್ಲಿ ಒಂದು ಕೂದಲೆಳೆಯಷ್ಟು ಸರಿದಿದ್ದರೂ ಅಕ್ಷರದ ಒಂದು ಮಗ್ಗುಲಿಗೆ ಗುಲಾಬಿ ನೆರಳು ಅಂಟಿಕೊಂಡಿರುತ್ತದೆ. ಬರಿಗಣ್ಣಿಗೆ ಇದೇ "ಏನೋ ಮಸುಕಾಗಿದೆ" ಎಂಬ ಅನಿಸಿಕೆ ಕೊಡುವುದು. ಅದೇ ಅಕ್ಷರವನ್ನು ಕಂದು ಸ್ಪಾಟ್ ಶಾಯಿಯಲ್ಲಿ ಪೂರ್ಣ ಬಣ್ಣವಾಗಿ ಮುದ್ರಿಸಿದಾಗ ಚುಕ್ಕಿಗಳಿಲ್ಲ. ಅಂಚಿನಿಂದ ಅಂಚಿಗೆ ಒಂದೇ ಬಣ್ಣ. ಕಾರ್ಡಿನ ಮೇಲೆ ಅಕ್ಷರಗಳೇ ಹೆಚ್ಚು, ಅವೂ ಸಣ್ಣವು. ಆದ್ದರಿಂದ ಪೋಸ್ಟರಿಗಿಂತ ಕಾರ್ಡಿನಲ್ಲಿ ಸ್ಪಾಟ್ ಕಲರ್‌ನ ಲಾಭ ಹೆಚ್ಚು.

ಫೋಟೋ ಅಥವಾ ಬಣ್ಣದಿಂದ ಬಣ್ಣಕ್ಕೆ ಜಾರುವ ಛಾಯೆಗಳಿದ್ದರೆ ಫೋರ್ ಕಲರ್ ಬೇಕೇ ಬೇಕು. ಒಂದು ಅಥವಾ ಎರಡು ಬಣ್ಣಗಳ ಲೋಗೋ ಮತ್ತು ಅಕ್ಷರ ಮಾತ್ರ ಇದ್ದರೆ ಸ್ಪಾಟ್ ಕಲರ್‌ಗೆ ಹೋಗಿ. ಎರಡು ಶಾಯಿ ಎಂದರೆ ಎರಡೇ ಪ್ಲೇಟು. ಫೋಟೋವೂ ಬೇಕು, ಲೋಗೋದ ಬಣ್ಣವೂ ಕದಲಬಾರದು ಎಂದರೆ ನಾಲ್ಕರ ಜೊತೆ ಐದನೆಯ ಶಾಯಿಯಾಗಿ ಸ್ಪಾಟ್ ಸೇರಿಸಬಹುದು, ಖರ್ಚು ಏರುತ್ತದೆ. ಕೆಲವು ಮುದ್ರಣಾಲಯಗಳು ಕಿತ್ತಳೆ, ಹಸಿರು, ನೇರಳೆ ಶಾಯಿಗಳನ್ನೂ ಸೇರಿಸಿ ಏಳು ಬಣ್ಣಗಳಲ್ಲಿ ಮುದ್ರಿಸುತ್ತವೆ. ಪ್ಯಾಂಟೋನ್ ಬಣ್ಣಗಳಲ್ಲಿ ಬಹುಪಾಲಿಗೆ ಇದು ಸಾಕಷ್ಟು ಹತ್ತಿರ ಹೋಗುತ್ತದೆ. ಆದರೂ ಬಣ್ಣ ಚುಕ್ಕಿಗಳಿಂದಲೇ ಕಟ್ಟಿರುವುದರಿಂದ ಸಣ್ಣ ಅಕ್ಷರದ ತೊಂದರೆ ಉಳಿಯುತ್ತದೆ.

ಪ್ಯಾಂಟೋನ್ ಸಂಖ್ಯೆಯ ಕೊನೆಯ ಅಕ್ಷರದ ಬಗ್ಗೆ ತುಂಬಾ ಗೊಂದಲವಿದೆ. ಉದಾಹರಣೆಗೆ ಕೆಂಪು ಬಣ್ಣದ 186 ಸಿ ಮತ್ತು 186 ಯು ಎರಡಕ್ಕೂ ಶಾಯಿಯ ಸೂತ್ರ ಒಂದೇ. ಸಿ ಎಂದರೆ ಆ ಶಾಯಿ ಲೇಪನವಿರುವ ಕಾಗದದ ಮೇಲೆ ಹೇಗೆ ಕಾಣುತ್ತದೆ, ಯು ಎಂದರೆ ಲೇಪನವಿಲ್ಲದ ಕಾಗದದ ಮೇಲೆ ಹೇಗೆ ಕಾಣುತ್ತದೆ ಎಂಬ ಸೂಚನೆ. ಲೇಪನವಿಲ್ಲದ ಕಾಗದಕ್ಕೆ ಆರ್ಡರ್ ಕೊಟ್ಟು 186 ಸಿ ಎಂದು ಬರೆದರೆ ಮುದ್ರಕರು ಸರಿಯಾದ ಶಾಯಿಯನ್ನೇ ಹಾಕಿಯೂ ನಿಮಗೆ ಬೇಕಾದ ಕೆಂಪು ಬರುವುದಿಲ್ಲ. ಹೀಗಾದಾಗ ಸಿ ಪುಟದ ಬಣ್ಣವನ್ನು ಕೈಯಲ್ಲಿ ಹಿಡಿದುಕೊಂಡು, ಯು ಪುಸ್ತಕದಲ್ಲಿ ಅದಕ್ಕೆ ಅತಿ ಹತ್ತಿರ ಕಾಣುವ ಬೇರೆ ಸಂಖ್ಯೆಯನ್ನು ಹುಡುಕಬೇಕು. ಅನೇಕ ಸಂಸ್ಥೆಗಳು ಒಂದೇ ಲೋಗೋಗೆ ಎರಡು ಕಾಗದಗಳಿಗಾಗಿ ಎರಡು ಬೇರೆ ಸಂಖ್ಯೆ ಇಟ್ಟುಕೊಳ್ಳುವುದು ಇದಕ್ಕಾಗಿಯೇ. ಅದು ಸರಿಯಾದ ದಾರಿ.

ಕೆಲವು ಶಾಯಿಗಳಿಗೆ ತಮ್ಮದೇ ಹಟಗಳಿವೆ. ರಿಫ್ಲೆಕ್ಸ್ ಬ್ಲೂ ಎಂಬ ನೀಲಿ ಬಹಳ ನಿಧಾನವಾಗಿ ಒಣಗುವುದಕ್ಕೆ ಮುದ್ರಣಾಲಯಗಳಲ್ಲೆಲ್ಲ ಕುಖ್ಯಾತ. ಪೂರ್ತಿ ಒಣಗುವ ಮೊದಲೇ ಕಟ್ಟು ಕಟ್ಟಿದರೆ ಮೇಲಿನ ಕಾರ್ಡಿನ ಹಿಂಬದಿಗೆ ಮೆತ್ತಿಕೊಳ್ಳುತ್ತದೆ. ಲ್ಯಾಮಿನೇಷನ್ ಅಥವಾ ವಾರ್ನಿಷ್ ಅಡಿಯಲ್ಲಿ ಅದರ ಬಣ್ಣವೂ ಬದಲಾಗಬಹುದು. ಹೊಸದಾಗಿ ಲೋಗೋ ಮಾಡಿಸುವವರಿಗೆ ಆ ಬಣ್ಣ ಬಿಟ್ಟು ಪಕ್ಕದ ಇನ್ನೊಂದು ನೀಲಿಯನ್ನು ಆರಿಸಿ ಎಂದೇ ಹೇಳುತ್ತೇನೆ.

ಶೇಡ್ ಕಾರ್ಡಿನ ಪುಟಗಳೂ ಬೆಳಕಿಗೆ, ಕೈಬೆವರಿಗೆ ಬಣ್ಣಗೆಡುತ್ತವೆ. 12ರಿಂದ 18 ತಿಂಗಳಿಗೊಮ್ಮೆ ಬದಲಾಯಿಸಬೇಕೆಂದು ಪ್ಯಾಂಟೋನ್ ಸಂಸ್ಥೆಯೇ ಸೂಚಿಸುತ್ತದೆ. ಮಾರುವವರ ಮಾತೆಂದು ಅದನ್ನು ಅಕ್ಷರಶಃ ಪಾಲಿಸದಿದ್ದರೂ, ಅಂಚು ಹಳದಿಗಟ್ಟಿದ ಹಳೆಯ ಪುಸ್ತಕ ಹಿಡಿದು ಬಣ್ಣ ತೀರ್ಮಾನಿಸಬೇಡಿ. ಇನ್ನೊಂದು ವಿಚಾರ: 2022ರ ಕೊನೆಯಲ್ಲಿ ಅಡೋಬಿಯ ವಿನ್ಯಾಸ ತಂತ್ರಾಂಶಗಳಿಂದ ಹೆಚ್ಚಿನ ಪ್ಯಾಂಟೋನ್ ಪಟ್ಟಿಗಳು ಹೊರಬಿದ್ದವು, ಬೇಕಿದ್ದವರು ಪ್ರತ್ಯೇಕ ಚಂದಾ ಕೊಡಬೇಕಾಯಿತು. ಇದರಿಂದ ಮುದ್ರಣಕ್ಕೆ ಅಡ್ಡಿಯೇನೂ ಇಲ್ಲ. ಕಡತದಲ್ಲಿ ಒಂದು ಸ್ಪಾಟ್ ಬಣ್ಣವನ್ನು ನೀವೇ ಸೃಷ್ಟಿಸಿ ಸರಿಯಾದ ಹೆಸರು ಕೊಟ್ಟರೆ ಸಾಕು. ಪ್ಲೇಟು ತಯಾರಾಗುವುದು ಆ ಹೆಸರಿನಿಂದ; ಪರದೆಯಲ್ಲಿ ಅದು ಹೇಗೆ ಕಾಣುತ್ತದೆ ಎಂಬುದಕ್ಕೆ ಬೆಲೆಯಿಲ್ಲ.

ಮುದ್ರಣ ವಿಧಾನಗಳು

ಆಫ್‌ಸೆಟ್‌ನಲ್ಲಿ ಪ್ರತಿ ಶಾಯಿಗೂ ಒಂದು ಅಲ್ಯೂಮಿನಿಯಂ ಪ್ಲೇಟು. ಪ್ಲೇಟಿನಿಂದ ರಬ್ಬರ್ ಬ್ಲಾಂಕೆಟ್‌ಗೆ, ಅಲ್ಲಿಂದ ಕಾಗದಕ್ಕೆ ಬಣ್ಣ ಇಳಿಯುತ್ತದೆ. ಯಂತ್ರವನ್ನು ಹದಕ್ಕೆ ತರಲು ಒಂದಷ್ಟು ಹಾಳೆಗಳು ಹಾಳಾಗುತ್ತವೆ, ಹದಕ್ಕೆ ಬಂದ ಮೇಲೆ ಸ್ಥಿರವಾಗಿ ಓಡುತ್ತದೆ. ಬೆರೆಸಿದ ಸ್ಪಾಟ್ ಶಾಯಿ ಹಾಕಬಹುದು, ಬಗೆಬಗೆಯ ಕಾಗದಕ್ಕೆ ಒಗ್ಗುತ್ತದೆ. ಆರಂಭದ ಖರ್ಚು ಹೆಚ್ಚು, ಸಂಖ್ಯೆ ಏರಿದಂತೆ ಒಂದು ಕಾರ್ಡಿಗೆ ಬೀಳುವ ಖರ್ಚು ಇಳಿಯುತ್ತದೆ.

ಡಿಜಿಟಲ್‌ನಲ್ಲಿ ಪ್ಲೇಟು ಇಲ್ಲ. ಪ್ರತಿ ಕಾರ್ಡಿನಲ್ಲೂ ಬೇರೆ ಹೆಸರು ಮುದ್ರಿಸಬಹುದು, ಸ್ವಲ್ಪವೇ ಬೇಕಿದ್ದರೆ ಇದೇ ಲಾಭ. ಒಣ ಟೋನರ್ (ಬಣ್ಣದ ಪುಡಿ) ಬಳಸುವ ಯಂತ್ರಗಳಲ್ಲಿ ಬಣ್ಣ ಶಾಖದಿಂದ ಕರಗಿ ಮೇಲ್ಮೈಗೆ ಅಂಟುತ್ತದೆ. ಆದ್ದರಿಂದ ಉಬ್ಬುತಗ್ಗಿನ ಕಾಗದದ ಕುಳಿಗಳಲ್ಲಿ ಬಿಳಿ ಉಳಿಯಬಹುದು, ಗಾಢ ಬಣ್ಣ ಅಂಚಿನವರೆಗೂ ಇದ್ದರೆ ಕತ್ತರಿಸಿದ ಜಾಗದಲ್ಲಿ ಸಿಪ್ಪೆ ಏಳಬಹುದು. ದ್ರವ ಶಾಯಿ ಬಳಸುವ ಇಂಡಿಗೊ ಎಂಬ ಯಂತ್ರಗಳ ಫಲಿತಾಂಶ ಆಫ್‌ಸೆಟ್‌ಗೆ ಹೆಚ್ಚು ಹತ್ತಿರ. ಕೆಲವು ಕಡೆ ಇವುಗಳಿಗೆ ಬೆರೆಸಿದ ಸ್ಪಾಟ್ ಶಾಯಿಯೂ ಸಿಗುತ್ತದೆ. ಬಹುತೇಕ ಡಿಜಿಟಲ್ ಮುದ್ರಕರು ಮಾತ್ರ "ಪ್ಯಾಂಟೋನ್ ಮಾಡಿಕೊಡುತ್ತೇವೆ" ಎಂದಾಗ ಹೇಳುತ್ತಿರುವುದು ಅದರ ಫೋರ್ ಕಲರ್ ಅನುಕರಣೆಯನ್ನು. ಅದರಲ್ಲಿ ಮೋಸವೇನೂ ಇಲ್ಲ, ಆದರೆ ಅನುಕರಣೆಯೋ ನಿಜವಾದ ಶಾಯಿಯೋ ಎಂದು ಬಾಯಿಬಿಟ್ಟು ಕೇಳಿಕೊಳ್ಳಿ.

ಕಪ್ಪು ಅಥವಾ ಗಾಢ ಬಣ್ಣದ ಕಾಗದ ಬೇಕೆಂದರೆ ಆಫ್‌ಸೆಟ್ ಶಾಯಿ ಮುಳುಗಿಹೋಗುತ್ತದೆ. ಅಲ್ಲಿ ಸ್ಕ್ರೀನ್ ಪ್ರಿಂಟಿಂಗ್ ಗೆಲ್ಲುತ್ತದೆ: ಶಾಯಿಯ ಪದರ ಹಲವು ಪಟ್ಟು ದಪ್ಪ, ಕೆಳಗಿನ ಬಣ್ಣವನ್ನು ಮುಚ್ಚುತ್ತದೆ. ಫಾಯಿಲ್ (ಒತ್ತಿ ಅಂಟಿಸುವ ಹೊಳೆಯುವ ತೆಳು ಪದರ) ಕೂಡ ಒಳ್ಳೆಯ ದಾರಿ. ಲೆಟರ್‌ಪ್ರೆಸ್‌ನಲ್ಲಿ ಅಕ್ಷರ ಕಾಗದದೊಳಗೆ ಒತ್ತಿ ಕೂರುತ್ತದೆ, ಬೆರಳಿಗೆ ತಾಗುತ್ತದೆ. ಅಗಲವಾದ ತುಂಬುಬಣ್ಣವನ್ನು ಅದರಿಂದ ನಿರೀಕ್ಷಿಸಬೇಡಿ, ಉಪ್ಪು ಉದುರಿಸಿದಂತೆ ಬಿಳಿ ಕಣಗಳು ಉಳಿಯುತ್ತವೆ.

ಮುದ್ರಕರನ್ನು ಆರಿಸುವುದು

ಅಗ್ಗದ ದರದ ಹಿಂದಿನ ಗುಟ್ಟು ಗ್ಯಾಂಗ್ ರನ್. ಆನ್‌ಲೈನ್‌ನಲ್ಲಿ ಆರ್ಡರ್ ಪಡೆಯುವ ದೊಡ್ಡ ಮುದ್ರಕರು ಹತ್ತಾರು ಗ್ರಾಹಕರ ಕಾರ್ಡುಗಳನ್ನು ಒಂದೇ ಹಾಳೆಯಲ್ಲಿ ಜೋಡಿಸಿ ಫೋರ್ ಕಲರ್‌ನಲ್ಲಿ ಓಡಿಸುತ್ತಾರೆ. ಆಫ್‌ಸೆಟ್ ಯಂತ್ರದಲ್ಲಿ ಶಾಯಿಯ ಪ್ರಮಾಣವನ್ನು ಹಾಳೆಯ ಅಗಲಕ್ಕೆ ಸುಮಾರು 30 ಮಿಲಿಮೀಟರ್‌ಗಳ ಪಟ್ಟಿಗಳಾಗಿ ಹಂಚಿ ನಿಯಂತ್ರಿಸುತ್ತಾರೆ. ನಿಮ್ಮ ಕಾರ್ಡು ಕೂತ ಪಟ್ಟಿಯಲ್ಲೇ, ಹಾಳೆ ಓಡುವ ದಿಕ್ಕಿನಲ್ಲಿ, ಇನ್ನೊಬ್ಬರ ಕಡುಗೆಂಪು ಕಾರ್ಡು ಕೂತಿರುತ್ತದೆ. ನಿಮ್ಮ ಬೂದುಬಣ್ಣದಲ್ಲಿ ಮಜೆಂಟಾ ಹೆಚ್ಚಾಗಿದೆಯೆಂದು ತಗ್ಗಿಸಿದರೆ ಅವರ ಕೆಂಪು ಬಡವಾಗುತ್ತದೆ. ಆದ್ದರಿಂದ ಯಂತ್ರ ನಡೆಸುವವರು ಯಾರಿಗೂ ಪಕ್ಷಪಾತ ಮಾಡದೆ ಮಾನದಂಡದ ಮಟ್ಟಕ್ಕೆ ಶಾಯಿ ನಿಲ್ಲಿಸುತ್ತಾರೆ. ಕಪ್ಪು ಅಕ್ಷರ, ಒಂದು ಫೋಟೋ, ಬಣ್ಣ ತುಸು ಆಚೀಚೆ ಆದರೂ ಚಿಂತೆಯಿಲ್ಲದ ವಿನ್ಯಾಸವಾದರೆ ಇದು ಒಳ್ಳೆಯ ವ್ಯವಹಾರ. ಲೋಗೋದ ಬಣ್ಣ ಪ್ರತಿ ಬಾರಿಯೂ ಹಾಗೆಯೇ ಇರಬೇಕೆಂದರೆ ನಿಮ್ಮ ಕೆಲಸ ಒಂಟಿಯಾಗಿ ಓಡುವ ಕಡೆ ಹೋಗಬೇಕು.

ಒಂಟಿಯಾಗಿ ಓಡಿಸುವವರಲ್ಲೂ ಗುಣದ ಅಂತರ ದೊಡ್ಡದು. ಮೊದಲು ಕೇಳಬೇಕಾದ ಪ್ರಶ್ನೆ: ಯಾವ ಮಾನದಂಡಕ್ಕೆ ಮುದ್ರಿಸುತ್ತೀರಿ? ಐಎಸ್‌ಒ 12647-2, ಫೋಗ್ರಾ 39 ಅಥವಾ 51, ಗ್ರಾಕೋಲ್ ಎಂಬ ಉತ್ತರಗಳಲ್ಲಿ ಯಾವುದು ಬಂದರೂ ಸಂತೋಷ. ಫೋಗ್ರಾ 51 ಲೇಪನವಿರುವ ಕಾಗದಕ್ಕೆ, 52 ಲೇಪನವಿಲ್ಲದ್ದಕ್ಕೆ. "ನೀವು ಕೊಟ್ಟದ್ದನ್ನು ಹಾಗೇ ಹೊಡೆಯುತ್ತೇವೆ" ಎಂಬ ಉತ್ತರ ಬಂದರೆ ಅಲ್ಲಿ ಅಳತೆಯಿಲ್ಲ ಎಂದರ್ಥ. ಎರಡನೆಯದು: ಬಣ್ಣವನ್ನೇ ಅಳೆಯುವ ಸ್ಪೆಕ್ಟ್ರೋಫೋಟೋಮೀಟರ್ ಇದೆಯೇ? ಡೆನ್ಸಿಟೋಮೀಟರ್ ಇದೆ ಎಂದರೆ ಅರ್ಧ ಉತ್ತರ. ಅದು ಶಾಯಿ ಎಷ್ಟು ದಪ್ಪ ಬಿದ್ದಿದೆ ಎಂಬುದನ್ನು ಹೇಳಬಲ್ಲುದೇ ಹೊರತು ಬಣ್ಣ ಯಾವುದೆಂದು ಹೇಳಲಾರದು. ಮೂರನೆಯದು ಸ್ಪಾಟ್ ಶಾಯಿಯ ಬಗ್ಗೆ: ತಕ್ಕಡಿಯಲ್ಲಿ ತೂಗಿ ಬೆರೆಸುತ್ತಾರೋ, ತಯಾರಕರಿಂದ ಬೆರೆಸಿದ ಡಬ್ಬಿ ತರಿಸುತ್ತಾರೋ, ಕಣ್ಣಂದಾಜಿನಲ್ಲಿ ಕಲಸುತ್ತಾರೋ. ಅನುಭವಿಗಳ ಕಣ್ಣು ಒಮ್ಮೆ ಅದ್ಭುತವಾಗಿ ಹೊಂದಿಸಿಬಿಡಬಹುದು. ಎರಡನೆಯ ಬಾರಿ ಅದನ್ನೇ ತರಲು ಬರೆದಿಟ್ಟ ತೂಕವೇ ಬೇಕು.

ಮಾದರಿ ಕೇಳುವಾಗ ಗಾಜಿನ ಕಪಾಟಿನಲ್ಲಿಟ್ಟ ಅಂದದ ಕಾರ್ಡುಗಳನ್ನು ಬಿಟ್ಟು, ಸಾಧಾರಣ ಕೆಲಸದ ಒಂದು ಪೂರ್ತಿ ಕಟ್ಟನ್ನು ಕೇಳಿ. ತುಂಬುಬಣ್ಣದ ಪಟ್ಟಿ ಇರುವ ಕಾರ್ಡಾದರೆ ಉತ್ತಮ. ಮೇಲಿನಿಂದ, ನಡುವಿನಿಂದ, ತಳದಿಂದ ಕೆಲವು ಕಾರ್ಡು ಎಳೆದು ಆ ಪಟ್ಟಿಗಳು ಒಂದರ ಪಕ್ಕ ಒಂದು ಕಾಣುವಂತೆ ಮೇಜಿನ ಮೇಲೆ ಹರಡಿ. ಬಿಡಿಯಾಗಿ ನೋಡಿದಾಗ ಗಮನಕ್ಕೇ ಬಾರದ ಅಂತರ ಅಂಚಿಗೆ ಅಂಚು ತಾಗಿದಾಗ ತಟ್ಟನೆ ಕಣ್ಣಿಗೆ ಹೊಡೆಯುತ್ತದೆ. ಪಟ್ಟಿಯ ಅಗಲವನ್ನೂ ನೋಡಿ. ಒಂದರಲ್ಲಿ ಅಗಲ, ಇನ್ನೊಂದರಲ್ಲಿ ಕಿರಿದಾಗಿದ್ದರೆ ಕಟಿಂಗ್ ಸಡಿಲ. ಸಾಧ್ಯವಾದರೆ ಅದೇ ಕಾರ್ಡಿನ ಹಿಂದಿನ ಮುದ್ರಣದ ಒಂದು ಪ್ರತಿಯನ್ನೂ ಕೇಳಿ ಪಕ್ಕದಲ್ಲಿಡಿ. ಮುದ್ರಕರ ಬಗ್ಗೆ ಈ ಮೇಜು ಹೇಳುವಷ್ಟನ್ನು ಯಾವ ಪ್ರಮಾಣಪತ್ರವೂ ಹೇಳುವುದಿಲ್ಲ.

ನಿಮ್ಮ ವಿನ್ಯಾಸ ನೋಡಿ "ಈ ಕಿತ್ತಳೆ ಫೋರ್ ಕಲರ್‌ನಲ್ಲಿ ಬರುವುದಿಲ್ಲ" ಎಂದು ಆರ್ಡರ್ ಪಡೆಯುವ ಮೊದಲೇ ಹೇಳುವವರು ಸಿಕ್ಕರೆ ಅವರನ್ನು ಬಿಡಬೇಡಿ. ದರ ಸ್ವಲ್ಪ ಹೆಚ್ಚಿದ್ದರೂ ಸರಿ.

ಪ್ರೂಫ್ ಮತ್ತು ಬೆಳಕು

ಇಮೇಲ್‌ನಲ್ಲಿ ಬರುವ ಪಿಡಿಎಫ್ ಪ್ರೂಫ್ ಕಾಗುಣಿತಕ್ಕೆ, ಫೋನ್ ನಂಬರಿಗೆ, ಜೋಡಣೆಗೆ. ಬಣ್ಣಕ್ಕೆ ಅದರ ಒಪ್ಪಿಗೆ ಕೊಡಬೇಡಿ. ಫೋರ್ ಕಲರ್ ಕೆಲಸಕ್ಕೆ ಐಎಸ್‌ಒ 12647-7ರಂತೆ ಅಳೆದ ಇಂಕ್‌ಜೆಟ್ ಪ್ರೂಫ್ ನಂಬಬಹುದಾದದ್ದು. ಅದರ ಅಂಚಿನಲ್ಲಿ ಅಳತೆಯ ಪಟ್ಟಿ ಮುದ್ರಿತವಾಗಿರುತ್ತದೆ. ಸ್ಪಾಟ್ ಕಲರ್‌ಗೆ ನಾನು ಎಲ್ಲಕ್ಕಿಂತ ಮೆಚ್ಚುವುದು ಡ್ರಾ-ಡೌನ್: ಬೆರೆಸಿದ ಶಾಯಿಯನ್ನೇ, ನಿಮ್ಮ ಕಾಗದದ ತುಂಡಿನ ಮೇಲೆಯೇ ತೆಳುವಾಗಿ ಎಳೆದು ಒಣಗಿಸಿ ತೋರಿಸುವುದು. ಪ್ಲೇಟು ಬೇಡ, ಯಂತ್ರ ನಿಲ್ಲಿಸಿಕೊಳ್ಳುವುದು ಬೇಡ, ಖರ್ಚೂ ಕಡಿಮೆ. ಡಿಜಿಟಲ್ ಆದರೆ ಇನ್ನೂ ಸುಲಭ. ಅದೇ ಯಂತ್ರದಿಂದ, ಅದೇ ಕಾಗದದಲ್ಲಿ ಒಂದು ಹಾಳೆ ತೆಗೆಸಿ ನೋಡಬಹುದು. ಇಷ್ಟು ಅನುಕೂಲವಿದ್ದೂ ಅದನ್ನು ಕೇಳದೆ ಆರ್ಡರ್ ಕೊಡುವವರೇ ಹೆಚ್ಚು ಎನ್ನುವುದು ಬೇಸರದ ಸಂಗತಿ.

ಬಟ್ಟೆ ಕೊಳ್ಳುವವರು ಅಂಗಡಿಯ ದೀಪದಡಿ ನೋಡಿದ್ದನ್ನು ಬಾಗಿಲ ಬಳಿ ತಂದು ಹಗಲಿನಲ್ಲಿ ಮತ್ತೊಮ್ಮೆ ನೋಡುತ್ತಾರಲ್ಲ, ಆ ಜಾಗ್ರತೆ ಇಲ್ಲೂ ಬೇಕು. ಬೇರೆ ಬೇರೆ ವರ್ಣದ್ರವ್ಯಗಳಿಂದಾದ ಎರಡು ಬಣ್ಣಗಳು ಒಂದು ದೀಪದಡಿ ಹೊಂದಿಕೊಂಡು ಇನ್ನೊಂದರಡಿ ಬೇರೆಯಾಗಿ ಕಾಣಬಹುದು. ಇದಕ್ಕೆ ಮೆಟಮೆರಿಸಂ ಎನ್ನುತ್ತಾರೆ. ಸ್ಪಾಟ್ ಶಾಯಿಯ ಲೆಟರ್‌ಹೆಡ್ ಪಕ್ಕ ಫೋರ್ ಕಲರ್ ಅನುಕರಣೆಯ ಕಾರ್ಡ್ ಇಟ್ಟಾಗ ಇದು ಸಾಮಾನ್ಯ. ಮುದ್ರಣದ ಹೋಲಿಕೆಗೆ ಐಎಸ್‌ಒ 3664 ಹೇಳುವುದು ಡಿ50 ಬೆಳಕು, ಅಂದರೆ ಸುಮಾರು 5000 ಕೆಲ್ವಿನ್‌ನ ಹಗಲು ಬೆಳಕಿನ ಮಾದರಿ. ಮುದ್ರಣಾಲಯದಲ್ಲಿ ಅಂಥ ದೀಪದ ಪೆಟ್ಟಿಗೆ ಇದ್ದರೆ ಅದರಡಿ ನೋಡಿ, ಆಮೇಲೆ ಕಾರ್ಡು ನಿಜವಾಗಿ ಕೈಬದಲಾಗುವ ಕಚೇರಿಯ ಬೆಳಕಿನಲ್ಲೂ ನೋಡಿ.

ಎಷ್ಟು ವ್ಯತ್ಯಾಸಕ್ಕೆ ಒಪ್ಪಿಗೆ?

"ಸರಿಯಾಗಿ ಬರಬೇಕು" ಎಂಬುದು ಅಳತೆಯಲ್ಲ. ಎರಡು ಬಣ್ಣಗಳ ನಡುವಿನ ದೂರವನ್ನು ಡೆಲ್ಟಾ ಇ ಎಂಬ ಸಂಖ್ಯೆಯಲ್ಲಿ ಹೇಳುತ್ತಾರೆ. ಲ್ಯಾಬ್ ಎಂದರೆ ಬಣ್ಣವನ್ನು ಮೂರು ಅಂಕಿಗಳಲ್ಲಿ ಗುರುತಿಸುವ ಪದ್ಧತಿ. ಅದರ 1976ರ ಸೂತ್ರ ಹಳೆಯದು. ಕಣ್ಣಿನ ಅನುಭವಕ್ಕೆ ಹೆಚ್ಚು ಹತ್ತಿರವಾದದ್ದು ಸಿಐಇಡಿಇ 2000. ಒಂದರ ಆಸುಪಾಸಿನ ಅಂತರ ಪಳಗಿದ ಕಣ್ಣಿಗೂ ಕಷ್ಟ. ಐಎಸ್‌ಒ 12647-2 ನಾಲ್ಕು ಮೂಲ ಶಾಯಿಗಳ ತುಂಬುಬಣ್ಣಕ್ಕೆ ಹಳೆಯ ಸೂತ್ರದಲ್ಲಿ 5ರವರೆಗೆ ಸಡಿಲ ಕೊಡುತ್ತದೆ. ಲೋಗೋದ ಸ್ಪಾಟ್ ಬಣ್ಣಕ್ಕೆ 2000ರ ಸೂತ್ರದಲ್ಲಿ 2ರೊಳಗೆ ಎಂದು ಕೇಳುವುದು ನ್ಯಾಯವಾದ ಬೇಡಿಕೆ. ಸೊನ್ನೆ ಕೇಳಬೇಡಿ, ಯಾವ ಯಂತ್ರವೂ ಕೊಡಲಾರದು. ಯಾವ ಸೂತ್ರ ಎಂದು ಬರೆಯುವುದನ್ನು ಮಾತ್ರ ಮರೆಯಬೇಡಿ. ಒಂದೇ ಜೋಡಿ ಬಣ್ಣಕ್ಕೆ ಎರಡು ಸೂತ್ರಗಳು ಬೇರೆ ಬೇರೆ ಸಂಖ್ಯೆ ಕೊಡುತ್ತವೆ.

ಬರೆದುಕೊಡುವ ಚೀಟಿ ಹೀಗಿರಬಹುದು (ಬ್ಲೀಡ್ ಎಂದರೆ ಕತ್ತರಿಸುವ ಗೆರೆಯ ಆಚೆಗೂ ಚಾಚುವ ಬಣ್ಣ):

"ಅಳತೆ 85×55 ಮಿಮೀ, ಸುತ್ತ 3 ಮಿಮೀ ಬ್ಲೀಡ್. ಕಾಗದ: ಲಗತ್ತಿಸಿದ ತುಂಡಿನದು, ಲೇಪನವಿಲ್ಲದ್ದು, 350 ಜಿಎಸ್‌ಎಂ, ಹೆಸರು ಮತ್ತು ಛಾಯೆ ತುಂಡಿನ ಹಿಂದೆ ಬರೆದಿದೆ. ಆಫ್‌ಸೆಟ್, ಎರಡು ಶಾಯಿ: ಕಪ್ಪು ಮತ್ತು ಪ್ಯಾಂಟೋನ್ 186 ಯು. ಕೆಂಪಿಗೆ ಡ್ರಾ-ಡೌನ್ ಇದೇ ಕಾಗದದ ಮೇಲೆ, ಒಣಗಿದ ನಂತರ ಸಹಿಗೆ. ಸಹಿಯಾದ ತುಂಡಿನಿಂದ ಮುದ್ರಿತ ಕಾರ್ಡಿಗೆ ಅಂತರ ಸಿಐಇಡಿಇ 2000ರಂತೆ 2 ಮೀರಬಾರದು, ಡಿ50 ಬೆಳಕು. ಕಾಗದ ಅಥವಾ ಶಾಯಿ ಬದಲಾಯಿಸುವ ಮೊದಲು ಕೇಳಬೇಕು."

ಇಲ್ಲಿ ಗಮನಿಸಿ: ಅಂತರವನ್ನು ಅಳೆಯುವುದು ಸಹಿ ಹಾಕಿದ ತುಂಡಿನಿಂದ. ಶೇಡ್ ಕಾರ್ಡಿನ ಕಾಗದ ಬೇರೆ, ನಿಮ್ಮದು ಬೇರೆ. ಸಂಖ್ಯೆ ಶಾಯಿಯನ್ನು ಗುರುತಿಸುತ್ತದೆ, ಸಹಿಯಾದ ತುಂಡು ಬಣ್ಣವನ್ನು ತೀರ್ಮಾನಿಸುತ್ತದೆ. ಕೊನೆಯ ವಾಕ್ಯವನ್ನು ಕೈಬಿಡಬೇಡಿ. ಗೋದಾಮಿನಲ್ಲಿ ಆ ಕಾಗದ ಮುಗಿದಾಗ ಅದೇ ತೂಕದ ಇನ್ನೊಂದನ್ನು ಹಾಕಿಬಿಡುವುದು ಸಾಮಾನ್ಯ ಅಭ್ಯಾಸ.

ಕಡತ

ಕಾರ್ಡಿನ ಅಳತೆ ದೇಶದಿಂದ ದೇಶಕ್ಕೆ ಬೇರೆ: ಯುರೋಪಿನಲ್ಲಿ 85×55 ಮಿಮೀ, ಅಮೆರಿಕದಲ್ಲಿ ಮೂರೂವರೆ ಇಂಚು ಉದ್ದ ಎರಡು ಇಂಚು ಅಗಲ, ಜಪಾನಿನಲ್ಲಿ 91×55. ಅಂಚಿನಿಂದ 4 ಮಿಮೀ ಒಳಗೆ ಅಕ್ಷರ ನಿಲ್ಲಿಸಿ. ಕಪ್ಪು ಅಕ್ಷರ ಬರಿಯ ಕಪ್ಪು ಶಾಯಿಯಲ್ಲಿ ಇರಲಿ, ನಾಲ್ಕು ಬಣ್ಣಗಳ ಮಿಶ್ರಣದಲ್ಲಿ ಬೇಡ. ಅಗಲವಾದ ಕಪ್ಪು ಹಿನ್ನೆಲೆಗೆ ಮಾತ್ರ ಇತರ ಶಾಯಿಗಳನ್ನು ಸೇರಿಸಿ ಆಳ ಕೊಡಬಹುದು. ತಿಳಿಬೂದಿಯನ್ನು ಸಯಾನ್, ಮಜೆಂಟಾ, ಹಳದಿಯಿಂದ ಕಟ್ಟಿದರೆ ತುಸು ಏರುಪೇರಾದರೂ ಹಸಿರಿಗೋ ಗುಲಾಬಿಗೋ ತಿರುಗುತ್ತದೆ, ಅದನ್ನೂ ಕಪ್ಪಿನ ಶೇಕಡಾವಾರಿನಲ್ಲೇ ಕೊಡಿ. ಸ್ಪಾಟ್ ಬಣ್ಣದ ಹೆಸರು ಕಡತದ ಎಲ್ಲ ಕಡೆ ಒಂದೇ ಇರಬೇಕು. ಒಂದು ಕಡೆ "186 ಯು", ಇನ್ನೊಂದು ಕಡೆ "186 ಸಿ" ಎಂದಿದ್ದರೆ ಎರಡು ಪ್ಲೇಟು ತಯಾರಾಗುತ್ತವೆ. ಮುದ್ರಣಕ್ಕೆಂದೇ ಇರುವ ಪಿಡಿಎಫ್/ಎಕ್ಸ್-4 ರೂಪದಲ್ಲಿ, ಮುದ್ರಕರು ಹೇಳಿದ ಪ್ರೊಫೈಲ್ ಸೇರಿಸಿ ಕಳುಹಿಸಿ.

ಯಾರಿಗೆ ಯಾವುದು

ಆಗತಾನೆ ಕೆಲಸ ಶುರು ಮಾಡಿದವರು, ವಿಳಾಸ ಇನ್ನೂ ಬದಲಾಗಬಹುದಾದವರು ಡಿಜಿಟಲ್‌ನಲ್ಲಿ ಸ್ವಲ್ಪವೇ ಮಾಡಿಸಿ. ಲೋಗೋಗೆ ಫೋರ್ ಕಲರ್‌ನಲ್ಲಿ ಸುಲಭವಾಗಿ ಬರುವ ಬಣ್ಣವನ್ನೇ ಆರಿಸಿಕೊಂಡರೆ ಮುಂದಿನ ಎಷ್ಟೋ ತಲೆನೋವು ತಪ್ಪುತ್ತದೆ. ಹಲವು ಸಿಬ್ಬಂದಿ ಇರುವ ಸಂಸ್ಥೆಗೆ ಬೇರೊಂದು ಉಪಾಯ ಚೆನ್ನಾಗಿ ಹೊಂದುತ್ತದೆ: ಲೋಗೋ ಮತ್ತು ಬಣ್ಣದ ಭಾಗವನ್ನು ಸ್ಪಾಟ್ ಶಾಯಿಯಲ್ಲಿ ಆಫ್‌ಸೆಟ್‌ನಿಂದ ದೊಡ್ಡ ಸಂಖ್ಯೆಯಲ್ಲಿ ಮುದ್ರಿಸಿ ಇಟ್ಟುಕೊಂಡು, ಹೊಸಬರು ಸೇರಿದಂತೆ ಹೆಸರು, ನಂಬರನ್ನು ಡಿಜಿಟಲ್‌ನಲ್ಲಿ ಕಪ್ಪಾಗಿ ಸೇರಿಸುವುದು. ಎಲ್ಲರ ಕಾರ್ಡಿನಲ್ಲೂ ಬಣ್ಣ ಒಂದೇ ಓಟದ್ದಾಗಿರುತ್ತದೆ. ಮುಂಚಿತವಾಗಿ ಮುದ್ರಿಸಿದ ಶಾಯಿ ಟೋನರ್ ಯಂತ್ರದ ಶಾಖ ತಾಳುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳಿ. ಇಬ್ಬರು ಮೂವರ ವಿನ್ಯಾಸ ಸಂಸ್ಥೆಯೋ, ಕೈಕಸುಬಿನ ಅಂಗಡಿಯೋ ಆದರೆ ದಪ್ಪ ಕಾಗದದ ಮೇಲೆ ಒಂದೇ ಶಾಯಿಯ ಲೆಟರ್‌ಪ್ರೆಸ್ ಅಥವಾ ಸ್ಕ್ರೀನ್ ಮುದ್ರಣವನ್ನು ಧೈರ್ಯವಾಗಿ ಆರಿಸಿ.

ಕಟ್ಟು ಬಂದ ದಿನ ಹಂಚುವ ಮೊದಲು ಮೇಲೆ, ನಡುವೆ, ಕೆಳಗಿನಿಂದ ಒಂದೊಂದು ಕಾರ್ಡ್ ತೆಗೆದು ಸಹಿಯಾದ ತುಂಡಿನ ಪಕ್ಕ ಇಟ್ಟು ನೋಡಿ. ಅಂತರ ಕಂಡರೆ ಆ ಮೂರನ್ನೂ ಅಳೆಸಿ ಸಂಖ್ಯೆ ಕೇಳಿ, ಚೀಟಿಯ ಪ್ರತಿಯೊಂದಿಗೆ ಮುದ್ರಕರಿಗೆ ಕಳುಹಿಸಿ. ಎಲ್ಲ ಸರಿಯಿದ್ದರೆ ಶಾಯಿಯ ಸೂತ್ರ, ತುಂಬುಬಣ್ಣದ ಲ್ಯಾಬ್ ಅಂಕಿಗಳು, ಕಾಗದದ ಹೆಸರು ಇವನ್ನು ಮುದ್ರಕರಿಂದ ಬರೆಸಿಕೊಂಡು ಕಡತದ ಜೊತೆ ಇಡಿ. ಮರುಮುದ್ರಣಕ್ಕೆ ಜೇಬಿನಲ್ಲಿ ಓಡಾಡಿ ಮಾಸಿದ ಕಾರ್ಡನ್ನು ಮಾದರಿಯಾಗಿ ಕೊಡಬೇಡಿ. ಆ ಅಂಕಿಗಳನ್ನೂ, ಬೆಳಕು ತಾಗದಂತೆ ತೆಗೆದಿರಿಸಿದ ಸಹಿಯಾದ ತುಂಡನ್ನೂ ಕೊಡಿ. ಮುದ್ರಕರನ್ನು ಬದಲಾಯಿಸಬೇಕಾಗಿ ಬಂದರೂ ಹೊಸಬರಿಗೆ ಕೊಡಬೇಕಾದದ್ದು ಅವೇ.